ನಳಿಗೆಯ ಮೇಲಿನ ಶಾಸನ: ಹಳೆಯ ಯುರೋಪಿಯನ್ ಬೇಟೆ ರೈಫಲ್‌ಗಳನ್ನು ಓದುವ ಬಗೆ

ಶಾಸನ ಅಂದ ಕೂಡಲೇ ನಮಗೆ ನೆನಪಾಗೋದು ಕಲ್ಲು, ಆಮೇಲೆ ತಾಮ್ರಪಟ. ಉಕ್ಕಿನ ಮೇಲಿನ ಬರಹವನ್ನು ಈ ಸಾಲಿಗೆ ಸೇರಿಸುವವರು ಕಡಿಮೆ. ಆದರೆ ಶಾಸನ ಎಂಬ ಪದದ ಮೂಲ ಅರ್ಥ ಆಜ್ಞೆ, ಕಟ್ಟಳೆ. ಆ ಅರ್ಥದಲ್ಲಿ ನೋಡಿದರೆ 19ನೇ ಶತಮಾನದ ಕೊನೆಯ ಮತ್ತು 20ನೇ ಶತಮಾನದ ಮೊದಲ ಭಾಗದ ಯುರೋಪಿನ ಬೇಟೆ ರೈಫಲ್‌ನ ನಳಿಗೆ ಪಕ್ಕಾ ಶಾಸನವೇ. ಕಾನೂನಿನ ಪ್ರಕಾರ ಪರೀಕ್ಷೆ ಮಾಡಿ, ಅಧಿಕಾರ ಇದ್ದವರೇ ಒತ್ತಿದ ಮುದ್ರೆಗಳು ಅದರ ಮೇಲಿವೆ. ತಯಾರಕನ ಹೆಸರಿದೆ, ಅವನ ಅಂಗಡಿಯ ವಿಳಾಸವಿದೆ, ತೂಕ ಮತ್ತು ಅಳತೆ ಇದೆ. ಕೆಲವುದರಲ್ಲಿ ದಿನಾಂಕವೂ ಸಿಗುತ್ತೆ.

ಈ ಬರಹದಲ್ಲಿ ನಾನು ಹೇಳಹೊರಟಿರುವುದು ಒಂದೇ ಮಾತು. ನಳಿಗೆಯ ಮೇಲಿನ ಅಕ್ಷರಗಳನ್ನು ಮಾತ್ರ ಓದಿದರೆ ಸಾಲದು. ನಳಿಗೆಯ ಉದ್ದವೂ ಆ ಶಾಸನದ ಒಂದು ಸಾಲು. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ರೈಫಲ್ ಎಲ್ಲಿಯದು, ಯಾವ ಕಾಲದ್ದು, ಮೂಲ ರೂಪದಲ್ಲೇ ಇದೆಯೋ ಇಲ್ಲವೋ ತಿಳಿಯುತ್ತೆ. ತಪ್ಪು ಓದಿದರೆ ಇಲ್ಲಿ ಆಗುವ ನಷ್ಟ ಬರೀ ಪಾಂಡಿತ್ಯದ್ದಲ್ಲ. ಕದಂಬರ ಶಾಸನ ತಪ್ಪು ಓದಿದರೆ ಲೇಖನ ತಿದ್ದಬಹುದು. ಇಲ್ಲಿ ತಪ್ಪು ಓದಿ ತಪ್ಪು ತೋಟಾ ಹಾಕಿದರೆ ಕಣ್ಣು ಹೋಗುತ್ತೆ, ಕೈ ಹೋಗುತ್ತೆ.

ಉದ್ದ ಯಾಕೆ ಬೇಕಿತ್ತು, ಯಾಕೆ ಕಡಿಮೆಯಾಯಿತು

ಮೊದಲು ಯಂತ್ರದ ಲೆಕ್ಕ. ತೋಟಾ ಸಿಡಿದಾಗ ಹುಟ್ಟುವ ಅನಿಲ ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುತ್ತೆ. ಒತ್ತಡ ಇರುವಷ್ಟು ದೂರ ಗುಂಡಿನ ವೇಗ ಏರುತ್ತಲೇ ಹೋಗುತ್ತೆ. ಕಪ್ಪು ಮದ್ದಿನ ಕಾಲದಲ್ಲಿ ಒತ್ತಡದ ಮಿತಿ ಕಡಿಮೆ. ಉರಿದ ಮದ್ದಿನ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಮಸಿಯಾಗಿ, ಹೊಗೆಯಾಗಿ ಹೋಗುತ್ತಿತ್ತು. ಹಾಗಾಗಿ ವೇಗ ಬೇಕು ಅಂದರೆ ಮದ್ದು ಹೆಚ್ಚಿಸಬೇಕು, ನಳಿಗೆ ಉದ್ದ ಮಾಡಬೇಕು. ಇಂಗ್ಲೆಂಡಿನ ಜೋಡು ನಳಿಗೆಯ ‘ಎಕ್ಸ್‌ಪ್ರೆಸ್’ ರೈಫಲ್‌ಗಳಲ್ಲಿ 26ರಿಂದ 28 ಇಂಚಿನ ನಳಿಗೆ ಸಾಮಾನ್ಯವಾಗಿದ್ದದ್ದು ಇದೇ ಕಾರಣಕ್ಕೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆರಹಿತ ಮದ್ದನ್ನು ಸಾಧಿಸಿದ. ಅದರ ಬೆನ್ನಲ್ಲೇ ಬ್ರಿಟನ್ನಿನಲ್ಲಿ ಕಾರ್ಡೈಟ್ ಬಂತು: ಮೊದಲ ಮಾದರಿಯಲ್ಲಿ ಶೇ. 58 ನೈಟ್ರೋಗ್ಲಿಸರಿನ್, ಶೇ. 37 ಗನ್‌ಕಾಟನ್, ಶೇ. 5 ವ್ಯಾಸಲೀನ್. ಇದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತೆ, ಒತ್ತಡ ಬಹಳ ಮೇಲಕ್ಕೆ ಹೋಗುತ್ತೆ. ಅದೇ ವೇಗವನ್ನು, ಅದಕ್ಕಿಂತ ಹೆಚ್ಚಿನ ವೇಗವನ್ನೂ ಗಿಡ್ಡ ನಳಿಗೆಯಲ್ಲೇ ಪಡೆಯಬಹುದಾಯಿತು. ದಟ್ಟ ಕಾಡಿನಲ್ಲಿ, ಬೆಟ್ಟದಲ್ಲಿ, ಕುದುರೆಯ ಮೇಲೆ ಹೊರುವವನಿಗೆ ಗಿಡ್ಡ ನಳಿಗೆಯೇ ಹಗುರ, ಸಲೀಸು.

ಹಾಗಂತ ಗಿಡ್ಡ ಮಾಡುತ್ತಾ ಹೋದರೆ ಬೇರೆ ತೊಂದರೆ ಎದುರಾಗುತ್ತೆ. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವಿನ ಅಂತರ ಕುಗ್ಗುತ್ತೆ. ಆ ಅಂತರ 500 ಮಿ.ಮೀ. ಇದ್ದಾಗ ಸೈಟ್ ಹೊಂದಿಸುವಲ್ಲಿ 1 ಮಿ.ಮೀ. ತಪ್ಪಿದರೆ 100 ಮೀಟರ್ ದೂರದಲ್ಲಿ ಗುಂಡು 20 ಸೆಂ.ಮೀ. ಆಚೆ ಬೀಳುತ್ತೆ. ಅಂತರ 400 ಮಿ.ಮೀ. ಆದರೆ ಅದೇ ತಪ್ಪಿಗೆ 25 ಸೆಂ.ಮೀ. ಅಂದರೆ ನಳಿಗೆಯ ಉದ್ದ ಸುಮ್ಮನೆ ಆರಿಸಿದ್ದಲ್ಲ. ಮದ್ದು, ಕಾಡು, ಕಣ್ಣು ಈ ಮೂರರ ನಡುವಿನ ಒಪ್ಪಂದ.

ಅಳತೆಯ ಮಾನವೇ ನಾಡು ಹೇಳುತ್ತೆ

ಶಾಸನಗಳಲ್ಲಿ ಭೂಮಿಯನ್ನು ಮತ್ತರಿನಲ್ಲಿ ಅಳೆದಿದ್ದಾರೋ ಕಂಬದಲ್ಲಿ ಅಳೆದಿದ್ದಾರೋ, ಯಾವ ಊರಿನ ಗಳೆ ಬಳಸಿದ್ದಾರೋ ಅಂತ ನಾವು ಹುಡುಕ್ತೀವಲ್ಲ, ರೈಫಲ್‌ನಲ್ಲೂ ಹಾಗೆಯೇ. ನಳಿಗೆಯ ಉದ್ದವನ್ನು ಇಂಚಿನಲ್ಲೂ ಮಿಲಿಮೀಟರಿನಲ್ಲೂ ಅಳೆದು ಬರೆದುಕೊಳ್ಳಿ. ಯಾವ ಮಾನದಲ್ಲಿ ಅದು ಪೂರ್ಣಸಂಖ್ಯೆ ಆಗುತ್ತೋ ಆ ನಾಡಿನ ಕಡೆ ಮೊದಲ ಊಹೆ ಹೋಗಬೇಕು.

ಇಂಗ್ಲಿಷ್ ಕುಶಲಕರ್ಮಿ ಇಂಚಿನಲ್ಲಿ ಕೆಲಸ ಮಾಡಿದ: 24, 25, 26, 28. ಜರ್ಮನ್ ಮತ್ತು ಆಸ್ಟ್ರಿಯನ್ ಕಾರ್ಖಾನೆಗಳು ಮಿಲಿಮೀಟರಿನಲ್ಲಿ ಕೆಲಸ ಮಾಡಿದವು: 450, 500, 600. ಓಬೆರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯ ಟೈಪ್ ಬಿ ಬೇಟೆ ರೈಫಲ್‌ನ ನಳಿಗೆ 600 ಮಿ.ಮೀ. ಇಂಗ್ಲಿಷ್ ಟೇಪು ಹಿಡಿದರೆ 23.62 ಇಂಚು ಅಂತ ಅಡ್ಡಾದಿಡ್ಡಿ ಸಂಖ್ಯೆ ಬರುತ್ತೆ. ಅದೇ ಕಾರ್ಖಾನೆಯ ಟೈಪ್ ಎಂ, ನಳಿಗೆಯ ತುದಿಯವರೆಗೂ ಮರ ಹೊದಿಸಿದ್ದು, 500 ಮಿ.ಮೀ.

ಆಸ್ಟ್ರಿಯಾದ ಸ್ಟೈರ್‌ನಲ್ಲಿ ತಯಾರಾದ ಮಾನ್‌ಲಿಷರ್–ಶ್ಯೋನಾವರ್ ಕಾರ್ಬೈನ್ ಇನ್ನೂ ಒಳ್ಳೆಯ ಉದಾಹರಣೆ. 1903ರ ಮಾದರಿ 6.5×54 ತೋಟಾದ್ದು, ನಳಿಗೆ 450 ಮಿ.ಮೀ., ಅಂದರೆ ಸುಮಾರು 17.7 ಇಂಚು. 1905ರ ಮಾದರಿ 9×56, ಅದರ ನಳಿಗೆ 500 ಮಿ.ಮೀ. ನಳಿಗೆ ಎಷ್ಟು ಉದ್ದವೋ ಮರವೂ ಅಷ್ಟೇ ಉದ್ದ. ಒಳಗೆ ಓಟ್ಟೋ ಶ್ಯೋನಾವರ್ ರೂಪಿಸಿದ ತಿರುಗುವ ಮ್ಯಾಗಜಿನ್, ಐದು ತೋಟಾ ಹಿಡಿಯುತ್ತೆ. ಬೋಲ್ಟಿನ ಹಿಡಿ ಬೆಣ್ಣೆ ಸವರುವ ಚಾಕುವಿನ ಹಾಗೆ ಚಪ್ಪಟೆ. ಇಷ್ಟು ಗಿಡ್ಡ ನಳಿಗೆ ನೋಡಿ ‘ಯಾರೋ ಕತ್ತರಿಸಿದ್ದಾರೆ’ ಅಂತ ತೀರ್ಮಾನಿಸಬೇಡಿ; ಅದು ಹುಟ್ಟಿದ್ದೇ ಹಾಗೆ.

ಸೈಟ್‌ಗಳನ್ನೂ ಮರೆಯಬೇಡಿ. ಇಂಗ್ಲಿಷ್ ಎಕ್ಸ್‌ಪ್ರೆಸ್ ಸೈಟ್‌ನಲ್ಲಿ ಮಡಚಿಡುವ ಪುಟ್ಟ ಎಲೆಗಳ ಮೇಲೆ 100, 200, 300 ಅಂತ ಕೊರೆದಿರುತ್ತೆ. ಅವು ಗಜಗಳು. ಯುರೋಪಿನ ಮುಖ್ಯ ಭೂಭಾಗದ ರೈಫಲ್‌ನಲ್ಲಿ ಅದೇ 100 ಇದ್ದರೆ ಅದು ಮೀಟರ್. ಸಂಖ್ಯೆ ಒಂದೇ, ಮಾನ ಬೇರೆ.

ಹೆಸರು ಪ್ರಶಸ್ತಿ, ಮುದ್ರೆ ಆಜ್ಞೆ

ನಳಿಗೆಯ ಮೇಲ್ಭಾಗದಲ್ಲಿ ಚೆಂದದ ಅಕ್ಷರಗಳಲ್ಲಿ, ಕೆಲವೊಮ್ಮೆ ಚಿನ್ನ ತುಂಬಿ ಬರೆದಿರೋದು ತಯಾರಕನ ಹೆಸರು ಮತ್ತು ವಿಳಾಸ. ಇದನ್ನು ಶಾಸನದ ಪ್ರಶಸ್ತಿ ಭಾಗಕ್ಕೆ ಹೋಲಿಸಬಹುದು. ಪ್ರಶಸ್ತಿಗೆ ಬೆಲೆ ಇದೆ, ಆದರೆ ಅದನ್ನೇ ಚರಿತ್ರೆ ಅಂತ ತಗೊಳ್ಳೋಕಾಗಲ್ಲ.

ವಿಳಾಸ ಮಾತ್ರ ಕಾಲ ಹೇಳೋದರಲ್ಲಿ ನಂಬಿಕಸ್ತ. ರಾಜ ಯಾವ ನೆಲೆವೀಡಿನಲ್ಲಿದ್ದ ಅನ್ನೋದರಿಂದ ನಾವು ಕಾಲ ಹಿಡಿಯುವ ಹಾಗೇ ಇದು. ಪರ್ಡಿ ಸಂಸ್ಥೆ 1880ರ ದಶಕದ ಆರಂಭದವರೆಗೆ ಆಕ್ಸ್‌ಫರ್ಡ್ ಸ್ಟ್ರೀಟಿನ 314½ ಸಂಖ್ಯೆಯ ಕಟ್ಟಡದಲ್ಲಿತ್ತು, ಆಮೇಲೆ ಸೌತ್ ಆಡ್ಲಿ ಸ್ಟ್ರೀಟಿನ ಆಡ್ಲಿ ಹೌಸ್‌ಗೆ ಬಂತು. ಹಾಗಾಗಿ ನಳಿಗೆಯ ಮೇಲೆ ಆಡ್ಲಿ ಹೌಸ್ ಅಂತಿದ್ದರೆ ಆ ಬರಹ 1880ರ ದಶಕಕ್ಕಿಂತ ಹಿಂದಿನದಾಗಿರೋಕೆ ಸಾಧ್ಯವಿಲ್ಲ.

ಹೆಸರಿನ ತೊಂದರೆ ಏನಂದ್ರೆ, ಅದು ತಯಾರಿಸಿದವನದ್ದೇ ಆಗಿರಬೇಕಿಲ್ಲ, ಮಾರಿದವನದ್ದೂ ಆಗಿರಬಹುದು. ಕಲ್ಕತ್ತೆಯ ಆರ್.ಬಿ. ರೊಡ್ಡಾ, ಮ್ಯಾಂಟನ್ ಅಂಡ್ ಕಂಪನಿಯ ಹೆಸರು ಹೊತ್ತ ಎಷ್ಟೋ ಬಂದೂಕುಗಳು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಕಲ್ಲು ಕಡೆದ ರೂವಾರಿ ಒಬ್ಬ, ಶಾಸನ ಹಾಕಿಸಿದವನು ಇನ್ನೊಬ್ಬ. ಇನ್ನು ಬೆಲ್ಜಿಯಂನ ಲಿಯೇಜ್‌ನಿಂದ ಹೊರಟ ಅಗ್ಗದ ಮಾಲಿನಲ್ಲಿ ಪ್ರಸಿದ್ಧ ಇಂಗ್ಲಿಷ್ ಹೆಸರುಗಳಿಗೆ ಹತ್ತಿರದ ಹೆಸರು ಕೆತ್ತುತ್ತಿದ್ದದ್ದೂ ಉಂಟು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೂಟಶಾಸನ.

ಇದನ್ನು ಬಯಲು ಮಾಡೋದು ಮುದ್ರೆಗಳು. ಇವನ್ನು ಹಾಕುತ್ತಿದ್ದದ್ದು ತಯಾರಕನಲ್ಲ, ಪ್ರೂಫ್ ಹೌಸ್ ಎಂಬ ಪರೀಕ್ಷಾಲಯ. ಸಾಮಾನ್ಯಕ್ಕಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ನಳಿಗೆ ತಾಳಿದರೆ ಮಾತ್ರ ಮುದ್ರೆ. ಲಂಡನ್ನಿನ ಗನ್‌ಮೇಕರ್ಸ್ ಕಂಪನಿಗೆ 1637ರಲ್ಲಿ ರಾಜನ ಸನ್ನದು ಸಿಕ್ಕಿತು. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1813ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಸ್ಥಾಪನೆಯಾಯಿತು. ಲಂಡನ್ನಿನ ಗುರುತು: ಕಿರೀಟದ ಕೆಳಗೆ ಹೆಣೆದುಕೊಂಡ ‘ಜಿಪಿ’ ಅಕ್ಷರಗಳು, ಜೊತೆಗೆ ಕಿರೀಟದ ಕೆಳಗೆ ‘ವಿ’. ಬರ್ಮಿಂಗ್‌ಹ್ಯಾಮ್‌ನದು 1904ರವರೆಗೆ ಅಡ್ಡ ಹಾಕಿದ ಎರಡು ರಾಜದಂಡಗಳ ನಡುವೆ ಕಿರೀಟ ಮತ್ತು ಅಕ್ಷರಗಳು. 1904ರ ನಂತರ ಕಿರೀಟದ ಕೆಳಗೆ ‘ಬಿಪಿ’, ‘ಬಿವಿ’. ಲಿಯೇಜ್‌ನದು ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’. 1893ರಿಂದ ಅದರ ತಲೆಯ ಮೇಲೊಂದು ಕಿರೀಟ ಸೇರಿತು.

ಮೇಲೆ ಲಂಡನ್ನಿನ ಹೆಸರು, ಕೆಳಗೆ ಇಎಲ್‌ಜಿ ಇದ್ದರೆ ಪ್ರಶಸ್ತಿಗೂ ಲಾಂಛನಕ್ಕೂ ತಾಳೆಯಾಗಲಿಲ್ಲ ಅಂತಲೇ ಅರ್ಥ. ಆಗ ಲಾಂಛನವನ್ನು ನಂಬಿ.

70-480: ಎರಡು ಸಂಖ್ಯೆಯ ಶಾಸನ

ಈಗ ಅಪಾಯದ ವಿಷಯಕ್ಕೆ ಬರೋಣ. 1898ರಲ್ಲಿ ಜಾನ್ ರಿಗ್ಬಿ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ ತಂದರು. ಹೊಸ ಹಿತ್ತಾಳೆ ಕೊಳವೆ ರೂಪಿಸಲಿಲ್ಲ. ಆಗಲೇ ಚಾಲ್ತಿಯಲ್ಲಿದ್ದ ಕಪ್ಪು ಮದ್ದಿನ.450, 3¼ ಇಂಚಿನ ಕೊಳವೆಗೇ ಕಾರ್ಡೈಟ್ ತುಂಬಿದರು. ಪರಿಣಾಮ ಏನು? ಕಪ್ಪು ಮದ್ದಿಗೆ ಮಾಡಿದ ಹಳೆಯ ರೈಫಲ್‌ನೊಳಗೆ ಕಾರ್ಡೈಟ್ ತೋಟಾ ಸಲೀಸಾಗಿ ಕೂರುತ್ತೆ. ಆ ಒತ್ತಡಕ್ಕೆ ಹಳೆಯ ನಳಿಗೆ ಮಾಡಿದ್ದಲ್ಲ. ಎರಡೂ ರೈಫಲ್ ಹೊರನೋಟಕ್ಕೆ ಅಣ್ಣತಮ್ಮಂದಿರ ಹಾಗೆ ಇರುತ್ತವೆ, ಎರಡರ ಮೇಲೂ 450 ಅಂತಲೇ ಇರಬಹುದು.

ವ್ಯತ್ಯಾಸ ಹೇಳೋದು ನಳಿಗೆಯ ತಳದಲ್ಲಿರುವ ಮುದ್ರೆ. ಜೋಡು ನಳಿಗೆಯ ರೈಫಲ್‌ನಲ್ಲಿ ಮುಂದಿನ ಮರ ಬಿಚ್ಚಿ ನಳಿಗೆಗಳನ್ನು ಬೇರೆ ಮಾಡಿದರೆ ತಳದ ಚಪ್ಪಟೆ ಭಾಗದಲ್ಲಿ ಕಾಣುತ್ತೆ. 1904ರ ನಿಯಮಗಳ ನಂತರದ ಕಾರ್ಡೈಟ್ ರೈಫಲ್‌ನಲ್ಲಿ ‘ಎನ್‌ಪಿ’ ಇರುತ್ತೆ, ಅಂದರೆ ನೈಟ್ರೋ ಪ್ರೂಫ್. ಬರ್ಮಿಂಗ್‌ಹ್ಯಾಮ್‌ನದಾದರೆ ಅದರ ಮೇಲೆ ಕಿರೀಟ, ಲಂಡನ್ನಿನದಾದರೆ ಖಡ್ಗ ಹಿಡಿದ ಕವಚದ ತೋಳು. ಜೊತೆಗೆ ‘ಕಾರ್ಡೈಟ್ 70-480 ಮ್ಯಾಕ್ಸ್’ ಎಂಬಂಥ ಸಾಲು. ಮೊದಲನೆಯದು ಮದ್ದಿನ ತೂಕ, ಎರಡನೆಯದು ಗುಂಡಿನ ತೂಕ, ಎರಡೂ ಗ್ರೇನ್ ಲೆಕ್ಕದಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಹಾಗಾಗಿ 70 ಗ್ರೇನ್ ಅಂದ್ರೆ ಸುಮಾರು 4.5 ಗ್ರಾಂ ಮದ್ದು, 480 ಗ್ರೇನ್ ಅಂದ್ರೆ ಸುಮಾರು 31 ಗ್ರಾಂ ಗುಂಡು. ಕೊನೆಯ ‘ಮ್ಯಾಕ್ಸ್’ ಮಿತಿ: ಇದನ್ನು ಮೀರಬೇಡ ಎಂಬ ಆಜ್ಞೆ. ಶಾಸನದ ಕೊನೆಯ ಶಾಪಾಶಯಕ್ಕಿಂತ ಬೇಗ ಫಲಿಸುವಂಥದ್ದು.

ಇದೇ ಕ್ರಮದಲ್ಲಿ 75-500 ಕಂಡರೆ ಅದು .470ರ ತೋಟಾ, 100-750 ಕಂಡರೆ .577ರದ್ದು. ಹೆಸರು ಅಳಿಸಿಹೋಗಿದ್ದರೂ ಈ ಎರಡು ಸಂಖ್ಯೆಯಿಂದ ರೈಫಲ್ ಯಾವುದು ಅಂತ ಗುರುತಿಸಬಹುದು.

ಇಲ್ಲಿ ಭಾರತದ ಪಾತ್ರವೂ ಇದೆ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ರೈಫಲ್ ಮತ್ತು ತೋಟಾಗಳು ಭಾರತಕ್ಕೆ ಬಾರದಂತೆ ತಡೆ ಹಾಕಿತು. ಸೇನೆಯ ಹಳೆಯ ಮಾರ್ಟಿನಿ–ಹೆನ್ರಿ ರೈಫಲ್‌ಗಳ ಅಳತೆಯೂ ಅದೇ ಆಗಿತ್ತು. ಬೇಟೆಯ ಹೆಸರಲ್ಲಿ ಬಂದ ತೋಟಾ ದಂಗೆಕೋರರ ಕೈ ಸೇರಬಹುದೆಂಬ ಭಯ. ಬಂದೂಕು ತಯಾರಕರು ಸುಮ್ಮನಿರಲಿಲ್ಲ. ಗುಂಡಿನ ಅಳತೆ ಚೂರು ಬದಲಿಸಿ .465, .470, .475 ಎಂಬ ಹೊಸ ಸಂಖ್ಯೆಗಳನ್ನು ಮುಂದೆ ತಂದರು. ಆಫ್ರಿಕಾದ ಆನೆ ಬೇಟೆಯ ಕಥೆಗಳಲ್ಲಿ ಮೆರೆಯುವ ಈ ಸಂಖ್ಯೆಗಳ ಹಿಂದೆ ನಮ್ಮ ದೇಶದ ಬಗ್ಗೆ ಸರ್ಕಾರಕ್ಕಿದ್ದ ಹೆದರಿಕೆ ಅಡಗಿದೆ.

ಜರ್ಮನಿ: ಒಂದು ಅಕ್ಷರದ ವ್ಯತ್ಯಾಸ

ಜರ್ಮನಿಯ ಪ್ರೂಫ್ ಕಾಯ್ದೆ 1891ರದ್ದು, ಜಾರಿಗೆ ಬಂದದ್ದು 1893ರಲ್ಲಿ. ಮುದ್ರೆಗಳು ಕಿರೀಟದ ಕೆಳಗೊಂದು ಅಕ್ಷರ: ‘ಬಿ’ ಅಂದರೆ ಹಾರಿಸಿ ಪರೀಕ್ಷಿಸಿದ್ದು, ‘ಯು’ ಅಂದರೆ ಕಣ್ಣಿನಿಂದ ಪರಿಶೀಲಿಸಿದ್ದು, ‘ಜಿ’ ಅಂದರೆ ಒಳಗೆ ರೈಫ್ಲಿಂಗ್ ಗೀರುಗಳಿರುವ ನಳಿಗೆ, ‘ಎಸ್’ ಅಂದರೆ ಚರೆ ಹಾರಿಸುವ ನುಣುಪು ನಳಿಗೆ.

ಇವುಗಳ ಪಕ್ಕದಲ್ಲಿ 172.28 ಅಥವಾ 118.35 ಎಂಬಂಥ ಸಂಖ್ಯೆ ಕಂಡರೆ ಅದನ್ನು ಕ್ರಮಸಂಖ್ಯೆ ಅಂದುಕೊಳ್ಳಬೇಡಿ, ವರ್ಷವಂತೂ ಅಲ್ಲ. ಅದು ನಳಿಗೆಯ ಒಳವ್ಯಾಸ. ಒಂದು ಪೌಂಡ್ ಸೀಸದಿಂದ 172.28 ಸಮನಾದ ಉಂಡೆ ಮಾಡಿದರೆ ಒಂದೊಂದರ ವ್ಯಾಸ ಸುಮಾರು 7.62 ಮಿ.ಮೀ. 118.35 ಮಾಡಿದರೆ ಸುಮಾರು 8.64 ಮಿ.ಮೀ. ಪರೀಕ್ಷಕರ ಬಳಿ ಈ ಮೆಟ್ಟಿಲುಗಳ ಗೇಜ್ ಇರುತ್ತಿತ್ತು. ಒಳಗೆ ಹೋಗುವ ಅತಿ ದಪ್ಪ ಗೇಜಿನ ಸಂಖ್ಯೆಯನ್ನು ಒತ್ತುತ್ತಿದ್ದರು. ಆದ್ದರಿಂದಲೇ 7.9 ಮಿ.ಮೀ. ನಳಿಗೆಯ ಮೇಲೂ 172.28 ಇರುತ್ತೆ. ಇದು ನಿಖರ ಅಳತೆಯಲ್ಲ, ಕೆಳಮಿತಿ.

ಅಪಾಯ ಇರೋದು 8×57 ತೋಟಾದಲ್ಲಿ. ಹಳೆಯ ಮಾದರಿಯ ಗುಂಡಿನ ವ್ಯಾಸ .318 ಇಂಚು, ಸುಮಾರು 8.08 ಮಿ.ಮೀ. ಆಮೇಲೆ ಬಂದ ‘ಎಸ್’ ಮಾದರಿಯದು .323 ಇಂಚು, ಸುಮಾರು 8.2 ಮಿ.ಮೀ. ಕೂದಲೆಳೆಯಷ್ಟು ವ್ಯತ್ಯಾಸ ಅನ್ನಿಸಬಹುದು. ಆದರೆ ದಪ್ಪ ಗುಂಡನ್ನು ಕಿರಿದಾದ ನಳಿಗೆಯಲ್ಲಿ ತಳ್ಳಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತೆ. ತೋಟಾದ ಹೆಸರಿನ ಪಕ್ಕದಲ್ಲಿ ‘ಎಸ್’ ಇದೆಯೋ ಇಲ್ಲವೋ ನೋಡಲೇಬೇಕು. ಕಿರೀಟದ ಕೆಳಗಿನ ‘ಎಸ್’ ಬೇರೆ, ತೋಟಾದ ಹೆಸರಿನ ಜೊತೆಗಿನ ‘ಎಸ್’ ಬೇರೆ. ಒಂದೇ ಅಕ್ಷರ, ನಿಂತ ಜಾಗದಿಂದ ಅರ್ಥ ಬದಲಾಗುತ್ತೆ.

ತ್ರುಟಿತ ಶಾಸನ: ಕತ್ತರಿಸಿದ ನಳಿಗೆ

ತುದಿ ಸವೆದ, ತುಕ್ಕು ಹಿಡಿದ ನಳಿಗೆಯನ್ನು ಹಿಂದಿನ ಮಾಲೀಕರು ಕತ್ತರಿಸಿರೋದು ಬಹಳ ಸಾಮಾನ್ಯ. ಇದನ್ನು ಪತ್ತೆ ಮಾಡೋಕೆ ಉದ್ದದ ಲೆಕ್ಕ ಬೇಕು. ಮೌಸರ್ ಟೈಪ್ ಬಿ ಅನ್ನುವ ರೈಫಲ್‌ನ ನಳಿಗೆ 567 ಮಿ.ಮೀ. ಬಂತು ಅಂದುಕೊಳ್ಳಿ. ಅದು 600 ಅಲ್ಲ. ಇಂಚಿಗೆ ತಂದರೆ 22.32, ಅಲ್ಲೂ ಪೂರ್ಣಸಂಖ್ಯೆಯಿಲ್ಲ. ಇಷ್ಟರಿಂದಲೇ ತೀರ್ಪು ಕೊಡಬಾರದು, ಗಿರಾಕಿ ಕೇಳಿದ ಅಳತೆಗೆ ಮಾಡಿಕೊಟ್ಟದ್ದೂ ಇರಬಹುದು. ಆದರೆ ಅನುಮಾನ ಹುಟ್ಟಬೇಕು. ಆಗ ತುದಿಯ ಅಂಚು, ಮುಂದಿನ ಸೈಟ್‌ನ ಬೆಸುಗೆ, ಬಣ್ಣದ ವ್ಯತ್ಯಾಸ ನೋಡಬೇಕು.

ಜೋಡು ನಳಿಗೆಯಲ್ಲಿ ಇನ್ನೊಂದು ಸಾಕ್ಷಿ ಇದೆ. ಎರಡು ನಳಿಗೆಗಳು ಸಮಾನಾಂತರ ಇರಲ್ಲ. ತುದಿಯ ಕಡೆಗೆ ಸ್ವಲ್ಪ ಹತ್ತಿರ ಬರುತ್ತವೆ. ಎರಡರ ಗುಂಡೂ ಒಂದೇ ಜಾಗಕ್ಕೆ ಬೀಳಲಿ ಅಂತ ಕುಶಲಕರ್ಮಿ ಹಾರಿಸಿ ನೋಡಿ, ಬೆಸುಗೆ ಕರಗಿಸಿ, ಮತ್ತೆ ಹೊಂದಿಸಿ ಮಾಡಿದ ಕೆಲಸ ಅದು. ತುದಿ ಕತ್ತರಿಸಿದರೆ ಎರಡು ನಳಿಗೆಗಳ ನಡುವೆ ಸಂದು ಕಾಣುತ್ತೆ, ಅದನ್ನು ಬೆಸುಗೆಯಿಂದ ತುಂಬಿರುತ್ತಾರೆ. ಆ ಹೊಂದಾಣಿಕೆಯೂ ಅಲ್ಲಿಗೆ ಮುಗಿಯಿತು.

ಒಂದು ದಾನಶಾಸನ

ರೈಫಲ್ ಮೇಲಿನ ಬರಹವೆಲ್ಲ ಕಾನೂನಿನದಲ್ಲ. ಜಿಮ್ ಕಾರ್ಬೆಟ್ ಅವರ .275 ರಿಗ್ಬಿ ರೈಫಲ್‌ನಲ್ಲಿ ಒಂದು ಬೆಳ್ಳಿ ಫಲಕವಿದೆ. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜಾನ್ ಹ್ಯೂಯೆಟ್ ಕೊಟ್ಟದ್ದು ಅಂತ ಅದು ಹೇಳುತ್ತೆ. ಪಡೆದವನ ಹೆಸರು, ಕೊಟ್ಟವನ ಹೆಸರು, ಅವನ ಬಿರುದು ಮತ್ತು ಅಧಿಕಾರ, ಕಾರಣ, ಸ್ಥಳ, ವರ್ಷ. ನಮ್ಮ ದಾನಶಾಸನದ ಅಂಗಗಳು ಬಹುಪಾಲು ಇಲ್ಲಿವೆ.

ಅದೇ ರೈಫಲ್ ಇನ್ನೊಂದು ಪಾಠ ಕಲಿಸುತ್ತೆ. .275 ರಿಗ್ಬಿ ಅಂದರೆ ಜರ್ಮನಿಯ 7×57 ಮೌಸರ್ ತೋಟಾವೇ; 7 ಮಿ.ಮೀ. ಅನ್ನು ಇಂಚಿಗೆ ತಂದರೆ .275. ಆ್ಯಕ್ಷನ್ ಮೌಸರ್‌ನದು, ಹೆಸರು ಲಂಡನ್ನಿನದು. ಇಂಥ ರೈಫಲ್‌ನಲ್ಲಿ ಎರಡು ನಾಡಿನ ಗುರುತು ಒಟ್ಟಿಗೆ ಕಂಡರೆ ಅದು ಕೂಟಶಾಸನವಲ್ಲ, ವ್ಯಾಪಾರದ ಚರಿತ್ರೆ.

ದಾಖಲಿಸುವ ಕ್ರಮ

ಕೊಡಗಿನಲ್ಲಿ ಕೋವಿ ಮನೆತನದ ವಸ್ತು. ಕೈಲ್‌ಪೊಳ್ದ್ ದಿನ ಅದಕ್ಕೆ ಪೂಜೆ ಸಲ್ಲುತ್ತೆ. ಬೇರೆ ಕಡೆಯೂ ಹಳೆಯ ಮನೆಗಳಲ್ಲಿ, ಅರಮನೆ ಸಂಗ್ರಹಗಳಲ್ಲಿ ಇಂಥ ರೈಫಲ್‌ಗಳಿವೆ. ನೋಡುವ ಅವಕಾಶ ಸಿಕ್ಕರೆ ಹೀಗೆ ಮಾಡಿ. ಕಾನೂನು ಪ್ರಕಾರ ಅದನ್ನು ಹೊಂದಿರುವವರೇ ಕೈಗೆತ್ತಿಕೊಳ್ಳಲಿ; ಒಳಗೆ ತೋಟಾ ಇಲ್ಲ ಅಂತ ಅವರೇ ತೆರೆದು ತೋರಿಸಲಿ. ಬೋಲ್ಟ್ ರೈಫಲ್ ಆದರೆ ಬೋಲ್ಟ್ ಮುಚ್ಚಿ, ತುದಿಯಿಂದ ಮರದ ಕಡ್ಡಿಯೊಂದನ್ನು ಬೋಲ್ಟಿಗೆ ತಗಲುವವರೆಗೆ ನಿಧಾನ ಇಳಿಸಿ, ತುದಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ಕಬ್ಬಿಣದ ಕಡ್ಡಿ ಬೇಡ, ತುದಿಯ ಅಂಚು ಗೀರಾಗುತ್ತೆ. ಮಡಚುವ ಜೋಡು ನಳಿಗೆಯಾದರೆ ಹೊರಗಿನಿಂದಲೇ ನಳಿಗೆಯ ಹಿಂಬದಿಯಿಂದ ತುದಿಯವರೆಗೆ ಅಳೆದರೆ ಸಾಕು.

ಮುದ್ರೆಗಳನ್ನು ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಪುಟ್ಟ ಪಡಿಯಚ್ಚೂ ಸಿಗುತ್ತೆ. ಮುದ್ರೆಯ ಜೊತೆ ಅದು ಇರುವ ಜಾಗವನ್ನೂ ಬರೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ: ಉಜ್ಜುಕಾಗದ ಹಾಕಿ ಹೊಳಪು ಮಾಡಿಸಬೇಡಿ, ಹೊಸದಾಗಿ ಬ್ಲೂಯಿಂಗ್ ಮಾಡಿಸಬೇಡಿ. ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿದರೆ ಅಕ್ಷರ ಮುಚ್ಚಿಹೋಗುತ್ತೆ, ಪೇಂಟ್ ತೆಗೆದರೆ ಮತ್ತೆ ಸಿಗಬಹುದು. ಉಕ್ಕಿನ ಮೇಲೆ ಮುದ್ರೆಯ ಆಳ ಕೂದಲೆಳೆಯಷ್ಟೇ. ಒಮ್ಮೆ ಉಜ್ಜಿದರೆ ಎನ್‌ಪಿಯೂ ಹೋಯಿತು, 70-480 ಕೂಡ ಹೋಯಿತು. ಆಮೇಲೆ ಆ ರೈಫಲ್ ಕಪ್ಪು ಮದ್ದಿನದೋ ಕಾರ್ಡೈಟಿನದೋ ಹೇಳುವ ಸಾಕ್ಷಿ ಉಳಿಯಲ್ಲ. ಮುಂದಿನ ಪೀಳಿಗೆಯ ಯಾರಾದರೂ ಹೊಂದುವ ತೋಟಾ ಸಿಕ್ಕಿತು ಅಂತ ಅದರೊಳಗೆ ತುಂಬಿದರೆ ಎಚ್ಚರಿಸೋಕೆ ಅಲ್ಲಿ ಏನೂ ಬರೆದಿರಲ್ಲ.